ಫ್ಯಾನು ಹೊಸದು, ಹುಕ್ಕು ಹಳೆಯದು

ಶಿವರಾತ್ರಿ ಕಳೆದು ಚಳಿ 'ಶಿವ ಶಿವಾ' ಎಂದು ಓಡಿಹೋದ ಮೇಲೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಫ್ಯಾನಿನ ವ್ಯಾಪಾರ ಗರಿಗೆದರುತ್ತದೆ. ಮನೆಯ ಹಳೆಯ ಫ್ಯಾನು ಕಿರುಗುಡುತ್ತಿದೆ, ಐದರಲ್ಲಿಟ್ಟರೂ ಗಾಳಿ ಸಾಲದು, ಕಂಡೆನ್ಸರ್ ಬದಲಾಯಿಸಿ ನೋಡಿದ್ದೂ ಆಯಿತು, ಇನ್ನು ಹೊಸದೇ ಗತಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯವಾದಂದಿನಿಂದ ಗಿರಾಕಿಗಳ ಪ್ರಶ್ನೆಗಳೂ ಚುರುಕಾಗಿವೆ. ಎಷ್ಟು ಸ್ಟಾರು, ಎಷ್ಟು ವ್ಯಾಟು, ರಿಮೋಟ್ ಉಂಟೇ, ಇನ್ವರ್ಟರ್‌ನಲ್ಲಿ ಎಷ್ಟು ಹೊತ್ತು ಓಡುತ್ತದೆ ಎಂದೆಲ್ಲ ಕೇಳುತ್ತಾರೆ. 75 ವ್ಯಾಟ್ ನುಂಗುತ್ತಿದ್ದ ಹಳೆಯ ಫ್ಯಾನಿನ ಜಾಗಕ್ಕೆ 30 ವ್ಯಾಟಿನ ಆಸುಪಾಸಿನಲ್ಲಿ ತಿರುಗುವ, ಬ್ರಷ್ ಇಲ್ಲದ ಡಿಸಿ ಮೋಟರಿನ ಬಿಎಲ್‌ಡಿಸಿ ಫ್ಯಾನು ಬಂದರೆ ಕರೆಂಟ್ ಬಿಲ್ಲಿನಲ್ಲಿ ಉಳಿತಾಯವಾಗುವುದೂ ನಿಜವೇ. ಆದರೆ ಅಂಗಡಿಯವರೂ ಗಿರಾಕಿಯೂ ಎತ್ತದ ಪ್ರಶ್ನೆಯೊಂದಿದೆ: ಈ ಫ್ಯಾನನ್ನು ತೂಗುಹಾಕುವುದು ಯಾವುದಕ್ಕೆ? ಹೊಸ ಫ್ಯಾನಿನ ಪೆಟ್ಟಿಗೆಯಲ್ಲಿ ರೆಕ್ಕೆ, ಮೋಟರು, ರಾಡು, ಬೋಲ್ಟು ಎಲ್ಲವೂ ಇರುತ್ತವೆ. ಚಾವಣಿಯ ಹುಕ್ಕು ಮಾತ್ರ ಇರುವುದಿಲ್ಲ. ಅದು ಮನೆ ಕಟ್ಟಿದ ವರ್ಷದ್ದು, ಇಲ್ಲವೇ ಯಾವಾಗಲೋ ಯಾರೋ ಸಿಕ್ಕಿಸಿದ್ದು. ಹಳೆಯ ಮನೆಯಲ್ಲಿ ಫ್ಯಾನು ಬದಲಾಯಿಸುವುದನ್ನು ನಾವು ಕರೆಂಟಿನ ಕೆಲಸ ಎಂದುಕೊಂಡಿದ್ದೇವೆ. ಅದು ಮೊದಲಿಗೆ ಭಾರ ಹೊರಿಸುವ ಕೆಲಸ, ಕರೆಂಟಿನ ಮಾತು ಆಮೇಲಿನದು ಎಂಬುದು ಈ ಲೇಖನದ ವಾದ.

ಹಾಗೆಂದುಕೊಂಡಿರುವುದರಲ್ಲಿ ಜನರ ತಪ್ಪೇನೂ ಇಲ್ಲ, ಕಾನೂನೂ ಹಾಗೇ ನೋಡಿದೆ. ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಹೇಳಿದ್ದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ತಂದ ಸುರಕ್ಷತಾ ನಿಯಮಗಳಲ್ಲೂ ಅದೇ ಮಾತು ಮುಂದುವರಿಯಿತು. ಎರಡರಲ್ಲೂ ಒಂದು ವಿನಾಯಿತಿ ಇತ್ತು: ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೇ ಬದಲಾಯಿಸುವುದಕ್ಕೆ ಆ ಕಟ್ಟುಪಾಡಿರಲಿಲ್ಲ. ವಿದ್ಯುತ್ತಿನ ಕಣ್ಣಿನಿಂದ ನೋಡಿದರೆ ಇದು ಸರಿಯೇ. ಹಳೆಯ ಫ್ಯಾನು ತೆಗೆದು ಅಷ್ಟೇ ವ್ಯಾಟಿನದೋ ಕಡಿಮೆ ವ್ಯಾಟಿನದೋ ಹಾಕಿದರೆ ವೈರಿಂಗಿನ ಮೇಲಿನ ಹೊರೆ ಹೆಚ್ಚುವುದಿಲ್ಲ. ಆದರೆ ಬಲ್ಬು ತಲೆಯ ಮೇಲೆ ನಾಲ್ಕೈದು ಕಿಲೋ ತೂಕ ಹೊತ್ತು ತಿರುಗುವುದಿಲ್ಲ, ಸ್ವಿಚ್ಚು ಕಳಚಿ ಮಂಚದ ಮೇಲೆ ಬೀಳುವುದಿಲ್ಲ. ಆ ಸಾಲಿನಲ್ಲಿ ಫ್ಯಾನು ಮಾತ್ರ ಬೇರೆ ಜಾತಿಯದು.

ನಾಲ್ಕೈದು ಕಿಲೋ ಎಂದರೆ ದೊಡ್ಡ ತೂಕವೇನಲ್ಲವಲ್ಲ ಎನಿಸಬಹುದು. ಕಿಟಕಿಯ ಸರಳಿಗೆ ಅಷ್ಟು ತೂಕದ ಚೀಲ ಕಟ್ಟಿದರೆ ಅದು ನೂರು ವರ್ಷವಾದರೂ ಜಗ್ಗದು. ಲೆಕ್ಕ ತಪ್ಪುವುದು ಇಲ್ಲೇ. ಫ್ಯಾನು ಸುಮ್ಮನೆ ನೇತಾಡುವ ತೂಕವಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 1200 ಮಿಲಿಮೀಟರ್ ಅಂದರೆ ನಾಲ್ಕಡಿ ಹರವಿನ ಫ್ಯಾನು ನಿಮಿಷಕ್ಕೆ 350 ಸುತ್ತು ತಿರುಗುತ್ತದೆ ಎಂದುಕೊಂಡರೆ, ರೆಕ್ಕೆಯ ತುದಿ ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಗಂಟೆಗೆ ಹೆಚ್ಚುಕಡಿಮೆ 80 ಕಿಲೋಮೀಟರ್. ಈ ವೇಗದಲ್ಲಿ ಮೂರೂ ರೆಕ್ಕೆಗಳು ಒಂದೇ ತೂಕದಲ್ಲಿ, ಒಂದೇ ಮಟ್ಟದಲ್ಲಿ, ಒಂದೇ ಕೋನದಲ್ಲಿ ಇದ್ದರೆ ಎಳೆತಗಳು ಒಂದನ್ನೊಂದು ರದ್ದು ಮಾಡಿಕೊಳ್ಳುತ್ತವೆ. ಒಂದು ರೆಕ್ಕೆಯ ಮೇಲೆ ಹತ್ತು ಗ್ರಾಂ ದೂಳು ಹೆಚ್ಚಿಗೆ ಕೂತಿದೆ ಎನ್ನಿ. ನಡುವಿನಿಂದ ಅರ್ಧ ಮೀಟರ್ ದೂರದಲ್ಲಿರುವ ಆ ಹತ್ತು ಗ್ರಾಂ, ತಿರುಗುವಾಗ ರಾಡನ್ನು ಸುಮಾರು 700 ಗ್ರಾಂ ತೂಕದಷ್ಟು ಬಲದಿಂದ ಪಕ್ಕಕ್ಕೆ ಜಗ್ಗುತ್ತದೆ. ಅದೂ ಒಂದೇ ದಿಕ್ಕಿಗಲ್ಲ, ಸೆಕೆಂಡಿಗೆ ಸುಮಾರು ಆರು ಬಾರಿ ಸುತ್ತಲೂ ಜಗ್ಗುತ್ತದೆ. ದಿನಕ್ಕೆ ಹತ್ತು ಗಂಟೆ ಓಡಿದರೆ 2,10,000 ಜಗ್ಗಾಟ, ವರ್ಷಕ್ಕೆ 300 ದಿನ ಓಡಿದರೆ ಆರು ಕೋಟಿಗೂ ಮಿಕ್ಕಿ. ಗಟ್ಟಿ ತಂತಿಯನ್ನು ಎಳೆದು ಹರಿಯಲಾಗದವರೂ ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತಾರಲ್ಲ, ಹುಕ್ಕಿನ ಮೇಲೆ ನಡೆಯುವುದು ಅದೇ ಕೆಲಸ, ತೀರಾ ನಿಧಾನವಾಗಿ.

ಹಳೆಯ ಮನೆಯವರು ಸಾಮಾನ್ಯವಾಗಿ ಎತ್ತುವ ಮೊದಲ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಇದೆ. 'ಅದೇ ಹುಕ್ಕು ಮೂವತ್ತು ವರ್ಷ ಹಳೆಯ ಫ್ಯಾನು ಹೊತ್ತಿಲ್ಲವೇ? ಹೊಸದಂತೂ ಅದಕ್ಕಿಂತ ಹಗುರ.' ಕೇಳಲು ಗಟ್ಟಿ ವಾದ. ಎರಕದ ಮೈಯ ಹಳೆಯ ಫ್ಯಾನುಗಳಿಗಿಂತ ಇಂದಿನ ಸಾಧಾರಣ ಫ್ಯಾನುಗಳು ಹಗುರವೆಂಬುದೂ ಬಹಳ ಮಟ್ಟಿಗೆ ನಿಜ. ದೀಪ, ಮರದ ರೆಕ್ಕೆ, ಅಲಂಕಾರ ಇರುವ ದುಬಾರಿ ಮಾದರಿಗಳ ಮಾತು ಬೇರೆ, ಅವು ಹಳೆಯದಕ್ಕಿಂತ ಭಾರವಿರುವುದೂ ಉಂಟು. ಆದರೆ ಮೂವತ್ತು ವರ್ಷ ಹೊತ್ತದ್ದು ಹುಕ್ಕಿನ ಶಕ್ತಿಗೆ ಪುರಾವೆಯಲ್ಲ, ಅದು ಎಷ್ಟು ಸವೆದಿರಬಹುದು ಎಂಬುದರ ಲೆಕ್ಕ. ಮೇಲಿನ ಅಂದಾಜಿನಲ್ಲಿ ನೂರ ಎಂಬತ್ತು ಕೋಟಿ ಜಗ್ಗಾಟ ತಿಂದ ಕಬ್ಬಿಣವದು. ಹನ್ನೆರಡು ಮಿಲಿಮೀಟರ್ ದಪ್ಪದ ಕಂಬಿ ಉಜ್ಜಿ ಉಜ್ಜಿ ಒಂಬತ್ತು ಮಿಲಿಮೀಟರಿಗೆ ಇಳಿದಿದೆ ಎನ್ನೋಣ. ಮುಕ್ಕಾಲು ಭಾಗ ಉಳಿದಿದೆಯಲ್ಲ ಎಂದು ಕಣ್ಣು ಸಮಾಧಾನ ಹೇಳುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ನಿಜವಾಗಿ ಉಳಿದಿರುವುದು ಶೇ. 42 ಮಾತ್ರ. ಹಳೆಯ ಫ್ಯಾನನ್ನು ಇಳಿಸಿದ ಆ ಹತ್ತು ನಿಮಿಷ ಈ ಹುಕ್ಕು ಬರಿದಾಗಿ ಕಣ್ಣಿಗೆ ಬೀಳುತ್ತದೆ. ಹೊಸದನ್ನು ಏರಿಸಿ ರಾಡಿನ ಮೇಲ್ತುದಿಯ ಬಟ್ಟಲಿನಂಥ ಕಪ್ಪು ಮುಚ್ಚಿದರೆ ಮತ್ತೆ ಹದಿನೈದಿಪ್ಪತ್ತು ವರ್ಷ ಯಾರೂ ಅದರ ಮುಖ ನೋಡುವುದಿಲ್ಲ. ಹಾಗಾಗಿ ಫ್ಯಾನು ಬದಲಾಯಿಸುವ ಹೊತ್ತೇ ತಪಾಸಣೆಯ ಹೊತ್ತು.

ಆ ಹತ್ತು ನಿಮಿಷದಲ್ಲಿ ನೋಡಬೇಕಾದ್ದು ಏನು? ಚಾವಣಿಗೆ ಅಂಟಿದಂತಿರುವ ಕಪ್ಪನ್ನು ಕೆಳಗೆ ಜಾರಿಸಿದರೆ ಮೊದಲು ಕಾಣುವುದು ಯು ಆಕಾರದ ಕಬ್ಬಿಣದ ಪಟ್ಟಿ, ಅಂದರೆ ಶ್ಯಾಕಲ್. ಅದರ ಎರಡು ಕಿವಿಗಳ ನಡುವೆ ರಬ್ಬರಿನ ಗಾಲಿಯಂಥದ್ದೊಂದಿರುತ್ತದೆ. ಅದರ ಹೊಟ್ಟೆಯೊಳಗಿಂದ ಬೋಲ್ಟು ಹಾದುಹೋಗಿ ಆಚೆ ಬದಿ ನಟ್ಟಿನಿಂದ ಬಿಗಿದಿರುತ್ತದೆ. ನಟ್ಟು ಸಡಿಲವಾದರೂ ಕಳಚಿ ಬೀಳದಂತೆ ಬೋಲ್ಟಿನ ತುದಿಯ ತೂತಿನಲ್ಲಿ ಸ್ಪ್ಲಿಟ್ ಪಿನ್ನು. ಇಡೀ ಫ್ಯಾನು ನಿಂತಿರುವುದು ಹುಕ್ಕಿನ ಬಾಗಿನಲ್ಲಿ ಕೂತ ಆ ರಬ್ಬರಿನ ಮೇಲೆ. ಅಲುಗಾಟವನ್ನು ನುಂಗುವುದು, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ವರ್ಷಗಳ ಬಿಸಿಗೆ ರಬ್ಬರು ಒಣಗಿ, ಬಿರುಕು ಬಿಟ್ಟು, ಒಂದು ಬದಿ ಪುಡಿಯಾಗಿ ಉದುರಿಹೋಗಿದ್ದರೆ ಬೋಲ್ಟು ನೇರವಾಗಿ ಹುಕ್ಕಿನ ಮೇಲೆ ಕೂತಿರುತ್ತದೆ. ಆಗ ಹುಕ್ಕಿನ ಒಳಬಾಗಿನಲ್ಲಿ ಹೊಳೆಯುವ ಹಳ್ಳವೊಂದು ಕಾಣುತ್ತದೆ. ತುಕ್ಕು ಕಪ್ಪಗಿದ್ದು ಅಲ್ಲಿ ಮಾತ್ರ ಲೋಹ ಬೆಳ್ಳಗೆ ಮಿರುಗುತ್ತಿದ್ದರೆ ಅದು ಸವೆತದ ಗುರುತು. ಬೆರಳು ಆಡಿಸಿದರೆ ಹಳ್ಳ ತಿಳಿಯುತ್ತದೆ. ಹಳ್ಳ ಬಿದ್ದ ಹುಕ್ಕಿಗೆ ಹೊಸ ಫ್ಯಾನು ಏರಿಸಬಾರದು. ಇನ್ನು, ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಬಗ್ಗಿಸಿದ ವೈರಿನ ತುಂಡೋ ಮೊಳೆಯೋ ಸಿಕ್ಕರೆ ಹಿಂದೆ ಕೆಲಸ ಮಾಡಿದವರ ಅವಸರ ಎಷ್ಟಿತ್ತೆಂದು ಊಹಿಸಿಕೊಳ್ಳಬಹುದು.

ಹುಕ್ಕಿನಲ್ಲಿ ಕಣ್ಣಿಗೆ ಕಾಣುವ ಭಾಗ ಇದು. ಕಾಣದ ಭಾಗ ಸ್ಲ್ಯಾಬಿನೊಳಗಿದೆ. ಮೋಲ್ಡ್ ಹಾಕುವ ಮುನ್ನ ಕಂಬಿ ಕಟ್ಟುವವರು ಹುಕ್ಕಿನ ಎರಡೂ ಕಾಲುಗಳನ್ನು ಸ್ಲ್ಯಾಬಿನ ಕಂಬಿಯ ಮೇಲೆ ಹಾಯಿಸಿ ಬಿಗಿದಿದ್ದರೆ ಚಿಂತೆಯಿಲ್ಲ. ಎಷ್ಟೋ ಮನೆಗಳಲ್ಲಿ ಹುಕ್ಕು ಹಾಗಿರುವುದಿಲ್ಲ. ಮೋಲ್ಡ್ ಆದ ಮೇಲೆ ನೆನಪಾಗಿ, ಸ್ಲ್ಯಾಬು ಕೆತ್ತಿ, ಕಂಬಿಯ ತುಂಡೊಂದನ್ನು ತುರುಕಿ, ಸಿಮೆಂಟ್ ಮೆತ್ತಿ ನಿಲ್ಲಿಸಿದ್ದಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ. ಜೊತೆಗೆ ಕಾಂಕ್ರೀಟಿನದೇ ಒಂದು ವಯೋಧರ್ಮವಿದೆ. ಹೊಸ ಕಾಂಕ್ರೀಟು ಕ್ಷಾರಗುಣದ್ದು, ಆ ಗುಣವೇ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ದಶಕಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಮೆಲ್ಲಗೆ ಒಳಗಿಳಿದು ಆ ಕ್ಷಾರವನ್ನು ಕಳೆಯುತ್ತದೆ. ಮೇಲಿನ ತಾರಸಿ ಸೋರುತ್ತಿದ್ದರಂತೂ ನೀರು ಕಂಬಿಗುಂಟ ಇಳಿದು ಹುಕ್ಕಿನ ಬುಡದಲ್ಲೇ ನಿಲ್ಲುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಉಪ್ಪುಗಾಳಿಯೂ ಸೇರಿಕೊಂಡು ಕೆಲಸ ಬೇಗ ಕೆಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಾಗೆ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಹುಕ್ಕಿನ ಸುತ್ತ ಕಂದು ಕಲೆ, ಕೂದಲೆಳೆಯ ಬಿರುಕು, ಗಾರೆ ಉಬ್ಬಿರುವುದು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು, ಇವುಗಳಲ್ಲಿ ಒಂದು ಕಂಡರೂ ಆ ಹುಕ್ಕನ್ನು ನಂಬುವಂತಿಲ್ಲ. ಮೇಲೆ ಪೇಂಟು ಬಳಿದಿದ್ದರೆ ಕಲೆ ಮುಚ್ಚಿಹೋಗಿರುತ್ತದೆ, ತಟ್ಟಿಯೇ ನೋಡಬೇಕು.

ಕಲೆಯಿಲ್ಲ, ಬಿರುಕಿಲ್ಲ, ಸವೆತವಿಲ್ಲ, ಆದರೂ ಒಳಗಿನದು ಗೊತ್ತಿಲ್ಲ. ಇಂಥ ಹುಕ್ಕಿಗೆ ಏನು ಮಾಡುವುದು? ನಮ್ಮಲ್ಲಿ ನಡೆದುಬಂದ ಪರೀಕ್ಷೆಯೆಂದರೆ ಎಲೆಕ್ಟ್ರೀಷಿಯನ್ನರು ಏಣಿಯ ಮೇಲೆ ನಿಂತು ಹುಕ್ಕು ಹಿಡಿದು ಒಮ್ಮೆ ಜೋತುಬೀಳುವುದು. ಇದು ಸರಿಯಲ್ಲ. ಮೈಭಾರ ಒಮ್ಮೆಲೇ ಬಿದ್ದರೆ ಗಟ್ಟಿಯಿದ್ದ ಹುಕ್ಕೂ ಸಡಿಲಾಗಬಹುದು, ಸಡಿಲಿದ್ದದ್ದು ಕಿತ್ತುಬಂದರೆ ಬೀಳುವುದು ಮನುಷ್ಯ. ಅದಕ್ಕಿಂತ ಮೇಲಾದ ದಾರಿ ಮನೆಯಲ್ಲೇ ಇದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನು ತುಂಬಿದರೆ 20 ಕಿಲೋ ದಾಟುತ್ತದೆ, ಅಂದರೆ ಸಾಧಾರಣ ಫ್ಯಾನಿನ ನಾಲ್ಕು ಪಟ್ಟು. ಅದನ್ನು ಗೋಣಿಚೀಲದಲ್ಲಿಟ್ಟು ಗಟ್ಟಿ ಹಗ್ಗದಿಂದ ಹುಕ್ಕಿಗೆ ಕಟ್ಟಿ, ನೆಲದಿಂದ ನಾಲ್ಕು ಬೆರಳು ಮೇಲಿರುವಂತೆ, ಕೆಳಗೆ ಹಾಸಿಗೆ ಹಾಕಿ, ಮೆಲ್ಲಗೆ ಭಾರ ಬಿಟ್ಟು ಒಂದೆರಡು ಗಂಟೆ ಬಿಡಬೇಕು. ಕೆಳಗೆ ಯಾರೂ ಓಡಾಡಬಾರದು. ಹುಕ್ಕು ಜಗ್ಗಿತೇ, ಬುಡದಲ್ಲಿ ಹೊಸ ಬಿರುಕು ಬಿಟ್ಟಿತೇ, ಗಾರೆ ಉದುರಿತೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಈ ಪರೀಕ್ಷೆಯ ಮಿತಿಯೂ ತಿಳಿದಿರಲಿ. ಹುಕ್ಕು ಇಂದು ಭಾರ ತಾಳುತ್ತದೆ ಎಂದಷ್ಟೇ ಇದರಿಂದ ಗೊತ್ತಾಗುತ್ತದೆ. ತುಕ್ಕಿನ ಕಲೆ ಕಂಡ ಹುಕ್ಕನ್ನು ಈ ಪರೀಕ್ಷೆಯಲ್ಲಿ ಪಾಸು ಮಾಡಿಸಿ ಉಳಿಸಿಕೊಳ್ಳುವುದು ಮೂರ್ಖತನ. ಅದನ್ನು ಬಿಟ್ಟು, ಗಟ್ಟಿ ಕಾಂಕ್ರೀಟು ಇರುವ ಕಡೆ ಆಂಕರ್ ಬೋಲ್ಟುಗಳಿಂದ ಕಬ್ಬಿಣದ ಪ್ಲೇಟು ಕೂರಿಸಿ, ಆ ಪ್ಲೇಟಿನ ಹುಕ್ಕಿಗೆ ಫ್ಯಾನು ಹಾಕಿಸಬೇಕು. ಒಂದೇ ಬೋಲ್ಟಿನ ಬದಲು ಎರಡೋ ನಾಲ್ಕೋ ಇದ್ದರೆ ಒಂದು ಸೋತರೂ ಉಳಿದವು ಹಿಡಿಯುತ್ತವೆ. ಗೋಡೆಗೆ ಕ್ಯಾಲೆಂಡರ್ ಹಾಕಲು ಬಳಸುವ ಪ್ಲಾಸ್ಟಿಕ್ ಪ್ಲಗ್ಗು ಮತ್ತು ಸ್ಕ್ರೂ ಈ ಕೆಲಸಕ್ಕೆ ಯಾವ ಕಾರಣಕ್ಕೂ ಸಲ್ಲ. ಮತ್ತೆ ತಾರಸಿಯ ಸೋರಿಕೆ ನಿಲ್ಲಿಸದೆ ಹೊಸ ಬೋಲ್ಟು ಹಾಕಿದರೆ ಅದಕ್ಕೂ ಹಳೆಯದರ ಗತಿಯೇ.

ಇಷ್ಟು ಹೊತ್ತು ಆಡಿದ್ದು ಆರ್‌ಸಿಸಿ ಮನೆಗಳ ಮಾತು. ಕರ್ನಾಟಕದಲ್ಲಿ ನಿಜವಾಗಿ ಹಳೆಯವು ಎನ್ನಿಸಿಕೊಳ್ಳುವ ಮನೆಗಳ ಚಾವಣಿಗಳು ಇನ್ನೂ ಬೇರೆ ಬೇರೆ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದೇ 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ಅಲ್ಲಿಂದ ಅದು ಊರೂರಿಗೆ, ಮನೆಮನೆಗೆ ತಲುಪಲು ದಶಕಗಳೇ ಹಿಡಿದವು. ಅದಕ್ಕೂ ಮುಂಚಿನ ಮಾದರಿಯ ಮನೆಗಳನ್ನು ಕಟ್ಟಿದವರ ಲೆಕ್ಕದಲ್ಲಿ ಫ್ಯಾನು ಎಂಬುದೇ ಇರಲಿಲ್ಲ. ಹಾಗಾಗಿ ಅಲ್ಲಿರುವ ಹುಕ್ಕುಗಳೆಲ್ಲ ಆಮೇಲೆ ಬಂದವು. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಕಾಣುವ ಮದ್ರಾಸ್ ತಾರಸಿಯನ್ನೇ ನೋಡಿ: ಸಾಲಾಗಿ ಮರದ ತೊಲೆಗಳು, ಅವುಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ ಸಣ್ಣ ಇಟ್ಟಿಗೆಗಳು, ಸುಣ್ಣದ ಗಾರೆ. ತೊಲೆಗಳ ನಡುವಿನ ಇಟ್ಟಿಗೆ ಮೇಲಿನ ಭಾರವನ್ನು ತಡೆಯುತ್ತದೆಯೇ ಹೊರತು ಕೆಳಗೆ ಜಗ್ಗುವ ಭಾರ ಅದಕ್ಕೆ ಒಗ್ಗದು. ಕೋಣೆಯ ನಟ್ಟನಡುವೆ ಬೇಕೆಂದು ಇಟ್ಟಿಗೆಯ ಸಂದಿಗೆ ಹುಕ್ಕು ಹೊಡೆದರೆ ಸುಣ್ಣ ಪುಡಿಯಾಗಿ ಅದು ಸಡಿಲಾಗುತ್ತದೆ. ಫ್ಯಾನು ತೊಲೆಗೇ ಹೋಗಬೇಕು. ಅದೂ ತೊಲೆಯ ಹೊಟ್ಟೆಗೆ ತಿರುಪಿ ಸಿಕ್ಕಿಸಿದ ಹುಕ್ಕಿಗಲ್ಲ, ತೊಲೆಯನ್ನು ಬಳಸಿ ಹಾದ ಕಬ್ಬಿಣದ ಪಟ್ಟಿಗೆ, ಇಲ್ಲವೇ ತೊಲೆಯ ಆರುಪಾರು ಅಡ್ಡಡ್ಡ ಹಾಯಿಸಿ ಆಚೆ ನಟ್ಟು ಬಿಗಿದ ಬೋಲ್ಟಿಗೆ. ಏರಿಸುವ ಮುನ್ನ ಸ್ಕ್ರೂಡ್ರೈವರ್ ಮೊನೆಯಿಂದ ತೊಲೆಯನ್ನು ಅಲ್ಲಲ್ಲಿ ಚುಚ್ಚಿ ನೋಡಬೇಕು. ಗೋಡೆಯೊಳಗೆ ಸೇರುವ ತುದಿಯನ್ನು ಮುಖ್ಯವಾಗಿ, ಏಕೆಂದರೆ ಗೆದ್ದಲು ಹತ್ತುವುದೂ ತೇವ ತಟ್ಟುವುದೂ ಅಲ್ಲೇ. ಮೊನೆ ಸಲೀಸಾಗಿ ಒಳಗೆ ಹೋದರೆ ಚಿಂತೆ ಮಾಡಬೇಕಾದ್ದು ಫ್ಯಾನಿನ ಬಗ್ಗೆ ಅಲ್ಲ, ಚಾವಣಿಯ ಬಗ್ಗೆ.

ಹೆಂಚಿನ ಮನೆಯ ಸಂಗತಿ ಇನ್ನೊಂದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಮನೆಮಾತಾದ ಈ ಚಾವಣಿ ಮಳೆಗೆ ಹೇಳಿ ಮಾಡಿಸಿದ್ದು, ಫ್ಯಾನಿಗಲ್ಲ. ಹೆಂಚಿನ ಕೆಳಗಿನ ರೀಪುಗಳಿಗೆ ಹೆಂಚು ಹೊರುವಷ್ಟೇ ಕಸುವು. ಕೆಳಗೆ ಹಲಗೆಯ ಮುಚ್ಚಿಗೆ ಇದ್ದರೆ ಅದು ಗಟ್ಟಿ ಚಾವಣಿಯಂತೆ ಕಾಣುತ್ತದಾದರೂ ಹಲಗೆಗೆ ಫ್ಯಾನು ಹೊರುವ ಶಕ್ತಿಯಿಲ್ಲ. ಇಲ್ಲಿಗೆ ಒಗ್ಗುವ ಉಪಾಯವೆಂದರೆ ಎರಡು ಅಡ್ಡತೊಲೆಗಳ ಮೇಲೆ ದಪ್ಪ ಜಿಐ ಪೈಪು ಹಾಯಿಸಿ, ಅದು ಉರುಳದಂತೆ ಎರಡೂ ತುದಿ ಬಿಗಿದು, ನಡುವೆ ಕ್ಲಾಂಪು ಹಾಕಿ ಫ್ಯಾನು ತೂಗುವುದು. ಕೋಲಾರ, ತುಮಕೂರು ಸೀಮೆಯ ಕಲ್ಲುಚಪ್ಪಡಿ ಮನೆಗಳಿಗೂ ಈ ಪೈಪಿನ ಉಪಾಯವೇ ಕ್ಷೇಮ, ಪೈಪಿನ ತುದಿಗಳು ಗೋಡೆಯಲ್ಲಿ ಕೂರುತ್ತವೆ ಅಷ್ಟೆ. ಕಲ್ಲು ಗಟ್ಟಿ ಎಂಬ ನಂಬಿಕೆಯಿಂದ ಚಪ್ಪಡಿಯ ನಡುವೆಯೇ ಹ್ಯಾಮರ್ ಡ್ರಿಲ್ ಇಡುವವರಿದ್ದಾರೆ. ಚಪ್ಪಡಿಯೊಳಗೆ ಕಂಬಿಯಿಲ್ಲ. ಎರಡು ತುದಿಯ ಆಧಾರದ ಮೇಲೆ ಮಲಗಿರುವ ಕಲ್ಲಿನ ಹೊಟ್ಟೆಯಲ್ಲೇ ಎಳೆತ ಹೆಚ್ಚು, ಬಿರುಕು ಹುಟ್ಟುವುದೂ ಅಲ್ಲೇ. ಅಲ್ಲೇ ತೂತು ಕೊರೆಯುವುದು ತಾನಾಗಿ ಅಪಾಯ ಕರೆದಂತೆ. ಬಾಗಲಕೋಟೆ, ವಿಜಯಪುರ ಕಡೆಯ, ಚಾವಣಿಗೆ ಮಣ್ಣು ಹೊದಿಸಿದ ಮೇಲ್ಮುದ್ದೆ ಮನೆಗಳಲ್ಲಿ ಫ್ಯಾನು ತೊಲೆಗೆ ಹೋಗಬೇಕು, ಜಂತಿಗಲ್ಲ. ಮಳೆಗಾಲದಲ್ಲಿ ಮೇಲಿನ ಮಣ್ಣು ನೆನೆದು ಅದರ ಭಾರವೇ ಏರುವುದರಿಂದ ತೊಲೆಗೆ ಕೆಲಸ ಮೊದಲೇ ಹೆಚ್ಚಿರುತ್ತದೆ.

'ಇದನ್ನೆಲ್ಲ ನಾವೇಕೆ ತಿಳಿಯಬೇಕು, ಫ್ಯಾನು ಹಾಕುವವರಿಗೆ ಗೊತ್ತಿರುವುದಿಲ್ಲವೇ?' ಎಂಬುದು ಎರಡನೆಯ ಆಕ್ಷೇಪ. ಗೊತ್ತಿರುತ್ತದೆ. ಅನುಭವಿ ಎಲೆಕ್ಟ್ರೀಷಿಯನ್ನರಿಗೆ ಹುಕ್ಕು ಮುಟ್ಟಿದೊಡನೆ ತಿಳಿಯುತ್ತದೆ. ಆದರೆ ಅವರಿಗೆ ನಾವು ಕೊಡುವುದು ಒಂದು ಫ್ಯಾನು ಹಾಕಿದ್ದಕ್ಕೆ ಇಂತಿಷ್ಟು ಎಂಬ ಕೂಲಿ. ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನ ಮನೆಗೆ ಹೋದರಷ್ಟೇ ಅವರ ದಿನ ಗಿಟ್ಟುತ್ತದೆ. ಹುಕ್ಕು ತಟ್ಟಿ ನೋಡುವುದಕ್ಕೆ, ನೀರಿನ ಕ್ಯಾನು ಕಟ್ಟಿ ಕಾಯುವುದಕ್ಕೆ, 'ಈ ಹುಕ್ಕು ಆಗೋದಿಲ್ಲ ಸಾರ್, ಮೊದಲು ಇದನ್ನ ಸರಿ ಮಾಡಿಸಿ' ಎಂದು ಕೆಲಸವಿಲ್ಲದೆ ವಾಪಸಾಗುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗೆ ಹೇಳಿದವರನ್ನು ನೆಪ ಹೇಳುತ್ತಾರೆಂದು ಬೈದು ಇನ್ನೊಬ್ಬರನ್ನು ಕರೆಸುವವರೇ ಹೆಚ್ಚು. ತಪಾಸಣೆಗೆ ಬೇರೆ ಕೂಲಿ ಕೊಡುತ್ತೇನೆ, ಹುಕ್ಕು ನೋಡಿ ನಿಜ ಹೇಳಿ ಎಂದು ಮನೆಯವರೇ ಮೊದಲು ಹೇಳಬೇಕು. ಹುಕ್ಕು ಸಂದೇಹ ಹುಟ್ಟಿಸಿದರೆ ಕರೆಯಬೇಕಾದ್ದು ಎಲೆಕ್ಟ್ರೀಷಿಯನ್ನರನ್ನೂ ಅಲ್ಲ, ಗಾರೆ ಕೆಲಸ, ಮರಗೆಲಸ ಬಲ್ಲವರನ್ನು ಅಥವಾ ಸಿವಿಲ್ ಎಂಜಿನಿಯರ್ ಒಬ್ಬರನ್ನು.

ಹಾಗಾದರೆ ಕರೆಂಟು ಅಪಾಯವಲ್ಲವೇ? ಖಂಡಿತ ಅಪಾಯವೇ. ಎರಡು ಅಪಾಯಗಳ ಅವಧಿ ಮಾತ್ರ ಬೇರೆ. ಕರೆಂಟಿನದು ಬಹುಪಾಲು ಕೆಲಸ ನಡೆಯುವ ಅರ್ಧ ಗಂಟೆಯದು, ಅದು ಎದುರಾಗುವುದು ಏಣಿ ಹತ್ತಿದವರಿಗೆ. ಹುಕ್ಕಿನದು ಮುಂದಿನ ಇಪ್ಪತ್ತು ವರ್ಷದ್ದು, ಕೆಳಗೆ ಮಲಗುವವರದ್ದು. ಹಳೆಯ ಮನೆಯ ವೈರಿಂಗಿನಲ್ಲಿ ಏಣಿ ಹತ್ತಿದವರನ್ನು ಬೇಸ್ತು ಬೀಳಿಸುವ ಸಂಗತಿಗಳು ಮೂರ್ನಾಲ್ಕಿವೆ. ಇವುಗಳಲ್ಲಿ ಇನ್ವರ್ಟರ್‌ನದೇ ದೊಡ್ಡ ಮೋಸ ಎಂಬುದು ನನ್ನ ಎಣಿಕೆ. ಮೇನ್ ಸ್ವಿಚ್ ಆಫ್ ಮಾಡಿದೊಡನೆ ಇನ್ವರ್ಟರ್ ಕರೆಂಟು ಹೋಯಿತೆಂದು ತಿಳಿದು ಫ್ಯಾನು, ಲೈಟುಗಳಿಗೆ ತಾನೇ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ನಮ್ಮ ಮನೆಗಳಲ್ಲಿ ಇನ್ವರ್ಟರಿಗೆ ಮೊದಲು ಜೋಡಿಸುವುದೇ ಫ್ಯಾನನ್ನು. ಹಾಗಾಗಿ ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಬೇಕು. ಇನ್ನೊಂದು, ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್‌ಗೆ ಜೋಡಣೆಯಾಗಿರುವುದುಂಟು. ಆಗ ಸ್ವಿಚ್ ಆಫ್ ಆಗಿ ಫ್ಯಾನು ನಿಂತರೂ ಅದರ ವೈರಿನಲ್ಲಿ ಕರೆಂಟು ಹರಿದಾಡುತ್ತಲೇ ಇರುತ್ತದೆ. ವೈರಿನ ಬಣ್ಣ ನೋಡಿ ಫೇಸು ಯಾವುದು, ನ್ಯೂಟ್ರಲ್ ಯಾವುದು ಎಂದು ತೀರ್ಮಾನಿಸುವುದೂ ಅಲ್ಲಿ ಸಲ್ಲದು. ಹತ್ತಾರು ವರ್ಷಗಳಲ್ಲಿ ನಾಲ್ಕಾರು ಕೈ ಬದಲಾಗಿ, ಸಿಕ್ಕ ಬಣ್ಣದ ವೈರು ಸಿಕ್ಕಲ್ಲಿ ಸೇರಿರುತ್ತದೆ. ಟೆಸ್ಟರನ್ನು ಮೊದಲು ಕರೆಂಟು ಇರುವುದು ಖಚಿತವಾದ ಪ್ಲಗ್ ಪಾಯಿಂಟಿನಲ್ಲಿ ಉರಿಸಿ ನೋಡಿ, ಆಮೇಲೆ ಎಲ್ಲ ಆರಿಸಿ ಫ್ಯಾನಿನ ಎರಡೂ ವೈರಿಗೆ ಮುಟ್ಟಿಸಬೇಕು. ಕೆಟ್ಟ ಟೆಸ್ಟರು ಉರಿಯದಿದ್ದರೆ ಅದು ಕರೆಂಟಿಲ್ಲ ಎಂಬುದಕ್ಕೆ ಸಾಕ್ಷಿಯಾಗದು.

ಮರದ ಪಟ್ಟಿಯ ಮೇಲೆ ವೈರು ಓಡಿಸಿದ ಕಾಲದ ಮನೆಗಳಲ್ಲಿ ಫ್ಯಾನಿನ ಪಾಯಿಂಟಿಗೆ ಅರ್ಥ್ ವೈರೇ ಬಂದಿರುವುದಿಲ್ಲ. ಸಾಲದ್ದಕ್ಕೆ, ಒಣಗಿ ಗರಿಗರಿಯಾದ ವೈರಿನ ಹೊದಿಕೆ ಬಿರಿದು ತಾಮ್ರ ಹುಕ್ಕಿಗೆ ತಾಗಿದರೆ ಹುಕ್ಕು, ರಾಡು, ಫ್ಯಾನಿನ ಮೈ, ಕೆಲವೊಮ್ಮೆ ಸ್ಲ್ಯಾಬಿನ ಕಂಬಿಗಳಿಗೂ ಕರೆಂಟು ಹರಿಯುತ್ತದೆ. ಮಳೆಗಾಲದಲ್ಲಿ ಗೋಡೆ ಜುಮ್ಮೆನ್ನುತ್ತದೆ ಎಂಬ ದೂರಿಗೆ ಇಂಥವೇ ಕಾರಣ ಇರುತ್ತವೆ. ಅರ್ಥ್ ವೈರು ಎಳೆಸುವುದು, ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಫ್ಯಾನು ಬದಲಾಯಿಸುವ ಕೆಲಸದ ಅಳತೆ ಮೀರಿದ್ದು, ಅದಕ್ಕೆ ಲೈಸೆನ್ಸ್ ಇರುವವರೇ ಬೇಕು. ಆದರೂ ಏಣಿ ಹಾಕಿದ ಮೇಲೆ ಅದನ್ನು ಮುಂದೂಡದಿರುವುದು ಲೇಸು. ಬಿಎಲ್‌ಡಿಸಿ ಫ್ಯಾನು ತಂದವರು ಹಳೆಯ ರೆಗ್ಯುಲೇಟರನ್ನು ದಾರಿಯಿಂದ ತೆಗೆಸಿ ಸ್ವಿಚ್ಚಿನಿಂದ ನೇರ ಜೋಡಣೆ ಕೊಡಿಸಬೇಕು. ಸಾಮಾನ್ಯವಾಗಿ ಅದರ ವೇಗದ ನಿಯಂತ್ರಣ ಒಳಗಿನ ಸರ್ಕ್ಯೂಟಿನಲ್ಲೇ ಇರುತ್ತದೆ, ಹೊರಗಿನ ರೆಗ್ಯುಲೇಟರ್ ಅದನ್ನು ಕೆಡಿಸಬಹುದು.

ಹುಕ್ಕು ಒಪ್ಪಿತವಾಯಿತು, ಕರೆಂಟು ಆರಿಸಿದ್ದಾಯಿತು ಎಂದಾದರೆ ಏರಿಸುವುದು ಸುಲಭದ ಮಾತು, ಇಬ್ಬರಿದ್ದರೆ. ಮಂಚದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಮನುಷ್ಯ ಎಂಬ ಏರ್ಪಾಡು ಬೇಡ, ಕಾಲು ಅಗಲಿಸಿ ನಿಲ್ಲುವ ಏಣಿ ತರಬೇಕು. ಹಳೆಯ ರಬ್ಬರು, ಬೋಲ್ಟು, ಪಿನ್ನು ಎಷ್ಟೇ ಚೆನ್ನಾಗಿದ್ದರೂ ಕಸಕ್ಕೆ ಹಾಕಿ ಪೆಟ್ಟಿಗೆಯಲ್ಲಿ ಬಂದ ಹೊಸತನ್ನೇ ಬಳಸಬೇಕು. ಸ್ಪ್ಲಿಟ್ ಪಿನ್ನಿನ ಎರಡು ಕಾಲುಗಳನ್ನು ಎರಡು ದಿಕ್ಕಿಗೆ ಪೂರ್ತಿ ಬಗ್ಗಿಸಬೇಕು. ರಾಡಿನ ಮೇಲಿನ ತುದಿಯಂತೆಯೇ ಕೆಳಗೆ ಮೋಟರಿಗೆ ಸೇರುವ ತುದಿಯಲ್ಲೂ ಬೋಲ್ಟು, ಪಿನ್ನು ಇರುತ್ತವೆ, ಕೆಳಗಿನದನ್ನು ಮರೆಯುವವರೇ ಹೆಚ್ಚು. ರೆಕ್ಕೆಗಳು ಒಂದೇ ಪೆಟ್ಟಿಗೆಯವಾಗಿರಬೇಕು. ಹಳೆಯ ಫ್ಯಾನಿನ ಒಳ್ಳೆಯ ರೆಕ್ಕೆಯೊಂದನ್ನು ಹೊಸದಕ್ಕೆ ಹೊಂದಿಸುವ ಮಿತವ್ಯಯದಿಂದ ಮತ್ತೆ ಆ 700 ಗ್ರಾಂ ಜಗ್ಗಾಟವೇ ಶುರು. ಈಚೆಗೆ ಹಲವು ಫ್ಯಾನುಗಳ ಜೊತೆ ಸಣ್ಣ ಉಕ್ಕಿನ ಹಗ್ಗವೊಂದು ಬರುತ್ತದೆ. ಎಷ್ಟೋ ಕಡೆ ಅದು ಪೆಟ್ಟಿಗೆಯಲ್ಲೇ ಉಳಿದು ಗುಜರಿಗೆ ಹೋಗುತ್ತದೆ, ಇಲ್ಲವೇ ಅದೇ ಹುಕ್ಕಿಗೆ ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಕಟ್ಟಿದರೆ ಶ್ಯಾಕಲ್ ಇಲ್ಲವೇ ರಾಡು ಕೈಕೊಟ್ಟಾಗ ಮಾತ್ರ ಅದು ಉಪಯೋಗಕ್ಕೆ ಬಂದೀತು, ಹುಕ್ಕೇ ಕಿತ್ತರೆ ಹಗ್ಗವೂ ಜೊತೆಗೇ ಬರುತ್ತದೆ. ಪಕ್ಕದಲ್ಲಿ ಬೇರೆಯದೇ ಆಂಕರ್ ಬೋಲ್ಟೊಂದನ್ನು ಹಾಕಿ ಅದಕ್ಕೆ ಕಟ್ಟಿದಾಗಲೇ ಅದು ಎರಡನೆಯ ಆಧಾರ.

ಎತ್ತರದ ವಿಚಾರದಲ್ಲಿ ಹಳೆಯ ಮನೆಗಳು ಎರಡು ತುದಿಯವು. ಹನ್ನೆರಡು ಹದಿಮೂರು ಅಡಿ ಎತ್ತರದ ತಾರಸಿಗೆ ಉದ್ದ ರಾಡು ಬೇಕು, ರಾಡು ಉದ್ದವಾದಷ್ಟೂ ತೂಗಾಟ ಹೆಚ್ಚು, ಅಲ್ಲಿ ರೆಕ್ಕೆಯ ಸಮತೂಕದಲ್ಲಿ ರಾಜಿ ಕೂಡದು. ಅಟ್ಟದ ಕೆಳಗಿನ ಕೋಣೆಗಳಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ರೆಕ್ಕೆ ನೆಲದಿಂದ ಎಂಟಡಿ ಮೇಲಿರಬೇಕು, ಚಾವಣಿಯಿಂದ ಒಂದಡಿಯಾದರೂ ಕೆಳಗಿರಬೇಕು, ಇಲ್ಲದಿದ್ದರೆ ಎಳೆದುಕೊಳ್ಳಲು ಗಾಳಿ ಸಿಗದು. ಈ ಎರಡೂ ಸೇರಿ ಒಂಬತ್ತಡಿ. ಅಷ್ಟು ಎತ್ತರವಿಲ್ಲದ ಕೋಣೆಗಳು ಹಳೆಯ ಮನೆಗಳಲ್ಲಿ ಬೇಕಾದಷ್ಟಿವೆ. ಮಂಚದ ಮೇಲೆ ನಿಂತು ಸೊಳ್ಳೆಪರದೆ ಕಟ್ಟುವವರ ಕೈಗೆ, ಮಗುವನ್ನು ಎತ್ತಿ ಆಡಿಸುವವರ ಕೈಯಲ್ಲಿರುವ ಮಗುವಿಗೆ ಅಲ್ಲಿ ರೆಕ್ಕೆ ಎಟುಕುತ್ತದೆ. ಇಂಥ ಕೋಣೆಗೂ, ತೊಲೆ ಸೊರಗಿದ, ಚಪ್ಪಡಿ ಬಿರಿದ, ಸ್ಲ್ಯಾಬು ಉದುರುತ್ತಿರುವ ಕೋಣೆಗೂ ಗೋಡೆಗೆ ಹಾಕುವ ಫ್ಯಾನೋ ನೆಲದ ಮೇಲೆ ನಿಲ್ಲುವ ಫ್ಯಾನೋ ಸಾಕು. ಸೀಲಿಂಗ್ ಫ್ಯಾನಿನಷ್ಟು ಹರವಾಗಿ ಗಾಳಿ ಬೀಸದು, ಸದ್ದು ತುಸು ಹೆಚ್ಚು, ನೋಟಕ್ಕೂ ಅಷ್ಟಕ್ಕಷ್ಟೆ. ಬಾಡಿಗೆ ಮನೆಯಲ್ಲಿ ಈ ತೀರ್ಮಾನ ಯಾರದೆಂಬ ತಕರಾರು ಏಳಬಹುದು. ಫ್ಯಾನು ಬಾಡಿಗೆದಾರರದ್ದಾದರೂ ಹುಕ್ಕು ಮನೆಯೊಡನೆ ಬಂದದ್ದು, ಅದನ್ನು ಸರಿಪಡಿಸುವ ಖರ್ಚು ಮಾಲೀಕರಿಗೇ ಸೇರತಕ್ಕದ್ದು. ಹಳೆಯ ಫ್ಯಾನು ಇಳಿಸಿದಾಗ ಹುಕ್ಕಿನ ಬುಡ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮಾಲೀಕರಿಗೆ ಕಳಿಸಿದರೆ ಆ ಮಾತುಕತೆ ಬೇಗ ಮುಗಿಯುತ್ತದೆ.